ಚಿನ್ನದ ಕಣ, ಕಿರಣದ ಕೆಲಸ: ನ್ಯಾನೊಕಣಗಳ ನೆರವಿನ ವಿಕಿರಣ ಚಿಕಿತ್ಸೆ

ಕನ್ನಡದ ಮನೆಮಾತಿನಲ್ಲಿ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡಿಸುವುದು’ ಎಂಬ ಹೆಸರು ರೂಢಿಯಲ್ಲಿದೆ. ತಮಿಳು ಮತ್ತು ತೆಲುಗು ಮನೆಗಳಲ್ಲಿಯೂ ಇದೇ ‘ಕರೆಂಟ್’ ಬಳಕೆಯಲ್ಲಿದೆ. ಮರಾಠಿಯಲ್ಲಿ ಅದೇ ಚಿಕಿತ್ಸೆಯನ್ನು ‘ಶೇಕ’ ಎನ್ನುತ್ತಾರೆ; ಶೇಕ ಎಂದರೆ ಕಾವು ಕೊಡುವುದು. ಎರಡೂ ಹೆಸರುಗಳು ರೋಗಿಯ ಕಣ್ಣಿಗೆ ಕಂಡದ್ದರಿಂದ ಹುಟ್ಟಿದಂತೆ ತೋರುತ್ತವೆ. ದೊಡ್ಡದೊಂದು ಯಂತ್ರ, ಅದರ ಸದ್ದು, ಕೆಲವು ವಾರಗಳಲ್ಲಿ ಕಪ್ಪಾಗುವ ಚರ್ಮ: ಇಷ್ಟನ್ನು ಕಂಡವರಿಗೆ ಕರೆಂಟ್, ಕಾವು ಎಂಬ ಮಾತುಗಳು ಸಹಜವೇ. ಆದರೆ ಈ ಚಿಕಿತ್ಸೆಯಲ್ಲಿ ದೇಹಕ್ಕೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ದೇಹವನ್ನು ಕಾಯಿಸುವುದೂ ಇಲ್ಲ.

ಹೆಸರಿನ ಈ ತೊಡಕು ಗಡಿನಾಡಿನ ವಿದ್ಯಾರ್ಥಿಗೆ ಬರಿಯ ಪದಕುತೂಹಲವಲ್ಲ. ಕಾಸರಗೋಡಿನ ರೋಗಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೋ ಮಂಗಳೂರಿಗೋ ಹೋಗುತ್ತಾನೆ. ಅಕ್ಕಲಕೋಟೆಯ ರೋಗಿ ಸೊಲ್ಲಾಪುರಕ್ಕೋ ಬಾರ್ಶಿಗೋ ಹೋಗುತ್ತಾನೆ. ವೈದ್ಯರ ವಿವರಣೆ ಅಲ್ಲಿ ಮಲಯಾಳದಲ್ಲಿ, ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ದೊರೆಯುತ್ತದೆ. ಮನೆಯ ಹಿರಿಯರಿಗೆ ಅದನ್ನು ಕನ್ನಡದಲ್ಲಿ ತಿಳಿಸುವ ಹೊಣೆ ಹೆಚ್ಚಾಗಿ ಕಾಲೇಜು ಓದುತ್ತಿರುವ ಮಗನ ಅಥವಾ ಮೊಮ್ಮಗಳ ಹೆಗಲಿಗೆ ಬೀಳುತ್ತದೆ. ‘ಚಿನ್ನದ ಕಣಗಳಿಂದ ಕ್ಯಾನ್ಸರ್ ಗುಣ’ ಎಂಬಂಥ ತಲೆಬರಹವೊಂದು ಆ ಮನೆಗೆ ಬಂದಾಗ ಅದರ ಅರ್ಥವೇನು, ಅದನ್ನು ಎಷ್ಟು ನಂಬಬಹುದು ಎಂದು ಹೇಳಬೇಕಾದವರೂ ಅವರೇ. ಲೋಹದ ಅತಿಸೂಕ್ಷ್ಮ ಕಣಗಳು ವಿಕಿರಣದ ಬಲವನ್ನು ಹೇಗೆ ಹೆಚ್ಚಿಸುತ್ತವೆ, ಈವರೆಗೆ ಸಿದ್ಧವಾಗಿರುವುದು ಎಷ್ಟು, ಅದನ್ನು ಕನ್ನಡದಲ್ಲಿ ಅಳತೆ ತಪ್ಪದೆ ಹೇಳುವುದು ಹೇಗೆ ಎಂಬ ಮೂರು ವಿಚಾರಗಳು ಈ ಪಾಠದ ವಸ್ತು.

1. ಅರ್ಬುದವೆಂಬ ಪದ, ಅರ್ಬುದವೆಂಬ ಸಂಖ್ಯೆ

ದೇಹದಲ್ಲಿ ಬೆಳೆಯುವ ಗಡ್ಡೆಗೆ ಸುಶ್ರುತಸಂಹಿತೆ ‘ಅರ್ಬುದ’ ಎಂಬ ಪದವನ್ನು ಬಳಸುತ್ತದೆ. ಕನ್ನಡದಲ್ಲಿ ಈ ತತ್ಸಮವೂ ‘ಏಡಿಗಂತಿ’ ಎಂಬ ರಚನೆಯೂ ಬರಹದಲ್ಲಿ ಉಳಿದಿವೆ. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಈ ರೋಗದ ಹೆಸರಿಗೆ ಏಡಿಯೆಂದೇ ಅರ್ಥ. ಏಡಿಗಂತಿ ಆ ಅರ್ಥವನ್ನು ಕನ್ನಡಕ್ಕೆ ತಂದುಕೊಂಡ ಪದ. ಮಾತಿನಲ್ಲಿ ಮಾತ್ರ ‘ಕ್ಯಾನ್ಸರ್’ ಎಂಬುದೇ ನಿಂತಿದೆ.

ಅರ್ಬುದಕ್ಕೆ ಇನ್ನೊಂದು ಅರ್ಥವೂ ಉಂಟು. ಆರ್ಯಭಟನ ಸ್ಥಾನನಾಮಗಳಲ್ಲಿ ಕೋಟಿಯ ಮುಂದಿನ ಸ್ಥಾನ ಅರ್ಬುದ, ಅಂದರೆ ಹತ್ತು ಕೋಟಿ. ಎರಡು ಅರ್ಥಗಳು ಕೂಡಿರುವುದು ಆಕಸ್ಮಿಕವಾದರೂ ಪಾಠಕ್ಕೆ ಉಪಯುಕ್ತವಾಗಿದೆ. ಒಂದು ಘನ ಸೆಂಟಿಮೀಟರಿನಷ್ಟು ಗಡ್ಡೆಯಲ್ಲಿ, ಎಂದರೆ ದೊಡ್ಡ ಕಡಲೆಕಾಳಿನಷ್ಟು ಜಾಗದಲ್ಲಿ, ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಜೀವಕೋಶಗಳಿರುತ್ತವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ ಉಳಿಯುವುದು ಲಕ್ಷಗಳ ಲೆಕ್ಕದಲ್ಲಿ. ಉಳಿದವು ಮತ್ತೆ ಒಡೆದು ಬೆಳೆಯಬಲ್ಲವು. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ‘ಬಹುತೇಕ’ ಎಂಬ ಮಾತಿಗೂ ‘ಪೂರ್ತಿ’ ಎಂಬ ಮಾತಿಗೂ ನಡುವೆ ಇರುವ ಅಂತರ ಬಹಳ ದೊಡ್ಡದು. ಹೆಚ್ಚು ಬಲವಾದ ವಿಕಿರಣವನ್ನು ವೈದ್ಯರು ಬಯಸುವುದಕ್ಕೆ ಕಾರಣ ಇದೇ.

2. ಕಿರಣವು ಜೀವಕೋಶವನ್ನು ಕೊಲ್ಲುವ ಬಗೆ

1895ರ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್ಜನ್ ಹೊಸದೊಂದು ಕಿರಣವನ್ನು ಕಂಡುಹಿಡಿದರು. ಅದರ ಸ್ವರೂಪ ಆಗ ತಿಳಿದಿರಲಿಲ್ಲವಾದ್ದರಿಂದ ಬೀಜಗಣಿತದಲ್ಲಿ ಅಜ್ಞಾತಕ್ಕೆ ಬಳಸುವ ‘ಎಕ್ಸ್’ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟರು. ಕನ್ನಡ ಮತ್ತು ಮರಾಠಿಗಳು ಆ ಸ್ಥಾನದಲ್ಲಿ ‘ಕ್ಷ’ವನ್ನು ನಿಲ್ಲಿಸಿ ‘ಕ್ಷ-ಕಿರಣ’ ಎಂದವು. ಎರಡು ನೆರೆಭಾಷೆಗಳು ಒಂದೇ ಪಾರಿಭಾಷಿಕ ಪದವನ್ನು ಹಂಚಿಕೊಂಡಿರುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಕ್ಷ-ಕಿರಣವು ದೇಹದೊಳಗೆ ಹಾಯುವಾಗ ಅಲ್ಲಲ್ಲಿ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹೊರದೂಡುತ್ತದೆ. ಹೀಗೆ ಹೊರಟ ಎಲೆಕ್ಟ್ರಾನು ದಾರಿಯುದ್ದಕ್ಕೂ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕೀಳುತ್ತ ಸಾಗುತ್ತದೆ. ಜೀವಕೋಶದ ಕೇಂದ್ರದಲ್ಲಿರುವ ಡಿಎನ್ಎ ಎಳೆಗೆ ಅದು ನೇರವಾಗಿ ತಗುಲಿದರೆ ಎಳೆ ತುಂಡಾಗುತ್ತದೆ. ಹೆಚ್ಚಿನ ಹಾನಿ ಮಾತ್ರ ಬಳಸುದಾರಿಯಲ್ಲಿ ಆಗುತ್ತದೆ. ಜೀವಕೋಶದ ಬಹುಭಾಗ ನೀರು. ಕಿರಣವು ನೀರಿನ ಅಣುವನ್ನು ಒಡೆದಾಗ ‘ಹೈಡ್ರಾಕ್ಸಿಲ್ ರ‍್ಯಾಡಿಕಲ್’ ಎಂಬ ಅತಿ ಚುರುಕಾದ ತುಣುಕು ಹುಟ್ಟುತ್ತದೆ. ಅದು ಪಕ್ಕದ ಡಿಎನ್ಎಯನ್ನು ಕೆಡಿಸುತ್ತದೆ. ಕ್ಷ-ಕಿರಣದಿಂದಾಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಪರೋಕ್ಷ ಮಾರ್ಗದ್ದು. ಒಂದು ಎಳೆ ತುಂಡಾದರೆ ಜೀವಕೋಶ ಅದನ್ನು ಸುಲಭವಾಗಿ ಹೊಲಿದುಕೊಳ್ಳುತ್ತದೆ. ಎರಡೂ ಎಳೆಗಳು ಹತ್ತಿರ ಹತ್ತಿರದಲ್ಲಿಯೇ ತುಂಡಾದರೆ ರಿಪೇರಿ ಕಷ್ಟ. ಅಂಥ ಜೀವಕೋಶ ಮುಂದೆ ಒಡೆಯಲಾರದೆ ಸಾಯುತ್ತದೆ.

ವಿಕಿರಣದ ಅಳತೆಗೆ ‘ಗ್ರೇ’ ಎಂಬ ಮಾನವಿದೆ. ಒಂದು ಕಿಲೊಗ್ರಾಂ ವಸ್ತು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ ಚಿಕಿತ್ಸೆ ನಡೆಯುತ್ತದೆ; ಅನೇಕ ಗಡ್ಡೆಗಳಿಗೆ ಒಟ್ಟು 60ರಿಂದ 70 ಗ್ರೇ ಕೊಡುತ್ತಾರೆ. ‘ಶೇಕ’ ಎಂಬ ಹೆಸರನ್ನು ಇಲ್ಲಿ ಪರೀಕ್ಷಿಸಬಹುದು. ಒಂದು ಕಿಲೊಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೌಲ್ ಬೇಕು. 70 ಗ್ರೇಯನ್ನು ಒಂದೇ ಸಲಕ್ಕೆ ಕೊಟ್ಟರೂ ಅಂಗಾಂಶದ ಉಷ್ಣತೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಮಾತ್ರ ಏರೀತು. ಒಂದು ಗುಟುಕು ಬಿಸಿ ಚಹಾದಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಶಾಖವಿದೆ. ಕೊಲ್ಲುವುದು ಶಾಖವಲ್ಲ, ಅಷ್ಟು ಅಲ್ಪ ಶಕ್ತಿ ಡಿಎನ್ಎಯ ಸೂಕ್ಷ್ಮ ತಾಣಗಳಲ್ಲಿ ಬೀಳುವುದೇ ಕೊಲ್ಲುತ್ತದೆ. ಶಕ್ತಿ ಎಷ್ಟು ಎಂಬುದಕ್ಕಿಂತ ಅದು ಎಲ್ಲಿ ಬಿತ್ತು ಎಂಬುದೇ ಮುಖ್ಯ. ಮುಂದಿನ ವಿಷಯಕ್ಕೆಲ್ಲ ಈ ಮಾತೇ ಬೀಗದ ಕೈ.

ತೊಡಕೂ ಅಲ್ಲಿಯೇ ಇದೆ. ಗಡ್ಡೆಗೆ ಹೋಗುವ ಕಿರಣ ಆರೋಗ್ಯವಂತ ಅಂಗಾಂಶದ ಮೂಲಕವೇ ಹೋಗಬೇಕು, ಅದರ ಮೂಲಕವೇ ಹೊರಬೀಳಬೇಕು. ಹಲವು ದಿಕ್ಕುಗಳಿಂದ ಕಿರಣವನ್ನು ಹಾಯಿಸಿ ಗಡ್ಡೆಯಲ್ಲಿ ಸಂಧಿಸುವಂತೆ ಮಾಡುವ ಯಂತ್ರಗಳು ಬಂದಿವೆ. ಆದರೂ ಅನ್ನನಾಳ, ಬೆನ್ನುಹುರಿ, ಜೊಲ್ಲಿನ ಗ್ರಂಥಿಗಳಂಥ ಅಂಗಗಳು ತಾಳುವ ಪ್ರಮಾಣವೇ ಚಿಕಿತ್ಸೆಗೆ ಮೇಲ್ಮಿತಿಯನ್ನು ಹಾಕುತ್ತದೆ. ಇದಕ್ಕೆ ಆಮ್ಲಜನಕದ ಕೊರತೆಯೂ ಸೇರುತ್ತದೆ. ರಕ್ತನಾಳಗಳಿಂದ ದೂರವಾಗಿ ಉಸಿರುಕಟ್ಟಿದ ಸ್ಥಿತಿಯಲ್ಲಿರುವ ಗಡ್ಡೆಯ ಜೀವಕೋಶಗಳನ್ನು ಕೊಲ್ಲಲು ಆಮ್ಲಜನಕ ಸಾಕಷ್ಟಿರುವ ಜೀವಕೋಶಗಳಿಗಿಂತ ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಈ ಪರಿಣಾಮದ ಮಹತ್ವವನ್ನು 1953ರಲ್ಲಿ ಬ್ರಿಟನ್ನಿನಲ್ಲಿ ಲೂಯಿ ಹೆರಾಲ್ಡ್ ಗ್ರೇ ಮತ್ತು ಸಂಗಡಿಗರು ಎತ್ತಿ ತೋರಿಸಿದರು. ವಿಕಿರಣದ ಮಾನಕ್ಕೆ ಬಂದಿರುವುದು ಅವರದೇ ಹೆಸರು.

ಹೀಗೆ ಪ್ರಶ್ನೆ ಒಂದು ರೂಪಕ್ಕೆ ಬರುತ್ತದೆ: ಹೊರಗಿನಿಂದ ಬರುವ ಕಿರಣವನ್ನು ಹೆಚ್ಚಿಸದೆ, ಗಡ್ಡೆಯೊಳಗೆ ಬೀಳುವ ಶಕ್ತಿಯನ್ನಷ್ಟೇ ಹೆಚ್ಚಿಸುವುದು ಸಾಧ್ಯವೇ?

3. ಭಾರದ ಪರಮಾಣು ಮಾಡುವ ಕೆಲಸ

ಉತ್ತರದ ಸುಳಿವು ಆಸ್ಪತ್ರೆಯ ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿಯೇ ಇದೆ. ಅದರಲ್ಲಿ ಎಲುಬು ಬೆಳ್ಳಗೆ ಕಾಣುತ್ತದೆ, ಮಾಂಸ ಮಸುಕಾಗಿ ಕಾಣುತ್ತದೆ. ಬೆರಳಿನಲ್ಲಿ ಉಂಗುರವಿದ್ದರೆ ಅದು ಎಲ್ಲಕ್ಕಿಂತ ಬೆಳ್ಳಗೆ ಕಾಣುತ್ತದೆ. ಕಿರಣವನ್ನು ತಡೆದು ಹೀರಿದ ಕಡೆ ಚಿತ್ರ ಬಿಳಿಯಾಗುತ್ತದೆ. ಮೃದು ಅಂಗಾಂಶ ಹೆಚ್ಚಾಗಿ ಹೈಡ್ರೋಜನ್, ಕಾರ್ಬನ್, ಆಮ್ಲಜನಕಗಳಿಂದ ಆದದ್ದು. ಅದರ ಸರಾಸರಿ ಪರಮಾಣು ಸಂಖ್ಯೆ ಏಳೂವರೆಯ ಆಸುಪಾಸು. ಚಿನ್ನದ ಪರಮಾಣು ಸಂಖ್ಯೆ 79.

ಕಡಿಮೆ ಶಕ್ತಿಯ ಕ್ಷ-ಕಿರಣಗಳ ವಿಷಯದಲ್ಲಿ ‘ದ್ಯುತಿವಿದ್ಯುತ್ ಪರಿಣಾಮ’ ಪ್ರಧಾನವಾಗುತ್ತದೆ. ಪರಮಾಣುವೊಂದು ಕಿರಣದ ಕಣವನ್ನು ಪೂರ್ತಿಯಾಗಿ ನುಂಗಿ, ತನ್ನ ಒಳಕವಚದ ಎಲೆಕ್ಟ್ರಾನೊಂದನ್ನು ಹೊರಚಿಮ್ಮುವುದೇ ಈ ಪರಿಣಾಮ. ಒಂದು ಗ್ರಾಂ ವಸ್ತುವಿನಲ್ಲಿ ಇದು ನಡೆಯುವ ಸಂಭವ ಪರಮಾಣು ಸಂಖ್ಯೆಯ ಘನಕ್ಕೆ ಹತ್ತಿರವಾಗಿ ಏರುತ್ತದೆ. ಸಣ್ಣ ಮೀನುಗಳು ದೊಡ್ಡ ಕಣ್ಣಿನ ಬಲೆಯಿಂದ ನುಸುಳಿಹೋಗುವಂತೆ ಕಿರಣದ ಬಹುಭಾಗ ಮೃದು ಅಂಗಾಂಶದಿಂದ ನುಸುಳಿಹೋಗುತ್ತದೆ. ಚಿನ್ನದ್ದು ಸಣ್ಣ ಕಣ್ಣಿನ ಬಲೆ. ತಕ್ಕ ಶಕ್ತಿಯ ಕ್ಷ-ಕಿರಣವನ್ನು ಬಳಸಿದರೆ ಒಂದು ಗ್ರಾಂ ಚಿನ್ನ ಒಂದು ಗ್ರಾಂ ಮೃದು ಅಂಗಾಂಶಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಶಕ್ತಿಯನ್ನು ಹೀರಬಲ್ಲದು.

ಹೀರಿದ್ದು ಅಲ್ಲಿಯೇ ನಿಲ್ಲುವುದಿಲ್ಲ. ಒಳಕವಚದಲ್ಲಿ ಎಲೆಕ್ಟ್ರಾನು ತೆರವಾದ ಜಾಗಕ್ಕೆ ಹೊರಕವಚದಿಂದ ಇನ್ನೊಂದು ಇಳಿಯುತ್ತದೆ; ಆಗ ಉಳಿಯುವ ಶಕ್ತಿ ಮತ್ತೊಂದು ಎಲೆಕ್ಟ್ರಾನನ್ನು ಹೊರದೂಡುತ್ತದೆ; ಅದು ಬಿಟ್ಟ ಜಾಗವನ್ನು ತುಂಬಲು ಮತ್ತೊಂದು ಇಳಿಯುತ್ತದೆ. ಹೀಗೆ ಸರಣಿಯಾಗಿ ಚಿಮ್ಮುವ ಎಲೆಕ್ಟ್ರಾನುಗಳಿಗೆ ‘ಓಜೆ ಎಲೆಕ್ಟ್ರಾನು’ಗಳೆಂದು ಹೆಸರು. 1922ರಲ್ಲಿ ಲಿಸೆ ಮೈಟ್ನರ್, 1923ರಲ್ಲಿ ಫ್ರಾನ್ಸಿನ ಪಿಯೇರ್ ಓಜೆ ಈ ವಿದ್ಯಮಾನವನ್ನು ಬೇರೆಬೇರೆಯಾಗಿ ಗುರುತಿಸಿದರು. ಹೆಸರು ಉಳಿದದ್ದು ಓಜೆಯದು. ಈ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ದುರ್ಬಲ. ಕೆಲವೇ ನ್ಯಾನೊಮೀಟರುಗಳಿಂದ ಒಂದೆರಡು ಮೈಕ್ರೊಮೀಟರುಗಳೊಳಗೆ ಅವುಗಳ ಓಟ ಮುಗಿಯುತ್ತದೆ. ಆ ದೌರ್ಬಲ್ಯವೇ ಇಲ್ಲಿ ಗುಣ. ಓಟ ಚಿಕ್ಕದಾದ್ದರಿಂದ ಅವು ತಮ್ಮ ಶಕ್ತಿಯನ್ನೆಲ್ಲ ಚಿಕ್ಕ ಜಾಗದಲ್ಲಿ ಸುರಿಯುತ್ತವೆ. ಡಿಎನ್ಎಯ ಎರಡೂ ಎಳೆಗಳು ಹತ್ತಿರದಲ್ಲಿಯೇ ತುಂಡಾಗುವ ಸಂಭವ ಹೆಚ್ಚುತ್ತದೆ.

ಚಿನ್ನವು ನ್ಯಾನೊಕಣಗಳ ರೂಪದಲ್ಲಿ ಏಕಿರಬೇಕು ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ದೊಡ್ಡ ತುಣುಕಿನ ಒಳಭಾಗದಲ್ಲಿ ಹುಟ್ಟಿದ ದುರ್ಬಲ ಎಲೆಕ್ಟ್ರಾನು ಚಿನ್ನದೊಳಗೇ ಸಿಕ್ಕಿ ಮುಗಿದುಹೋಗುತ್ತದೆ. ಕಣ ಚಿಕ್ಕದಾದಷ್ಟೂ ಹೊರಬೀಳುವ ಎಲೆಕ್ಟ್ರಾನುಗಳ ಪಾಲು ಹೆಚ್ಚು. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಗ್ರೀಕಿನಲ್ಲಿ ‘ನ್ಯಾನೊಸ್’ ಎಂದರೆ ಕುಳ್ಳ. ಡಿಎನ್ಎ ಎಳೆಯ ಅಗಲ ಸುಮಾರು 2 ನ್ಯಾನೊಮೀಟರ್; ಜೀವಕೋಶದ ಅಗಲ ಹತ್ತು ಸಾವಿರ ನ್ಯಾನೊಮೀಟರಿನ ಆಸುಪಾಸು. ಎರಡು ನ್ಯಾನೊಮೀಟರಿನ ಚಿನ್ನದ ಕಣ ಜೀವಕೋಶದೊಳಗೆ ಡಿಎನ್ಎಗೆ ಸರಿಸಾಟಿಯಾದ ಗಾತ್ರದ ನೆರೆಯವನಾಗಿ ಇರಬಲ್ಲದು.

4. 2004ರ ಇಲಿಗಳ ಪ್ರಯೋಗ

ಅಮೆರಿಕದ ಜೇಮ್ಸ್ ಹೈನ್‌ಫೆಲ್ಡ್, ಡ್ಯಾನಿಯಲ್ ಸ್ಲಾಟ್ಕಿನ್, ಹೆನ್ರಿ ಸ್ಮಿಲೋವಿಟ್ಜ್ ಅವರು 2004ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು. ಸ್ತನಗಡ್ಡೆಯನ್ನು ನಾಟಿ ಮಾಡಿದ್ದ ಇಲಿಗಳ ರಕ್ತನಾಳಕ್ಕೆ 1.9 ನ್ಯಾನೊಮೀಟರ್ ವ್ಯಾಸದ ಚಿನ್ನದ ಕಣಗಳನ್ನು ಕೊಟ್ಟು, ಕೆಲವೇ ನಿಮಿಷಗಳಲ್ಲಿ 250 ಕಿಲೊವೋಲ್ಟ್ ಯಂತ್ರದ ಕ್ಷ-ಕಿರಣಗಳನ್ನು ಹಾಯಿಸಿದರು. ಗಡ್ಡೆಯ ಒಂದು ಗ್ರಾಂ ಅಂಗಾಂಶದಲ್ಲಿ 7 ಮಿಲಿಗ್ರಾಂ ಚಿನ್ನ ಸೇರಿತ್ತು. ಅದು ಸುತ್ತಲ ಸಹಜ ಅಂಗಾಂಶದಲ್ಲಿದ್ದುದಕ್ಕಿಂತ ಸುಮಾರು ಎಂಟು ಪಟ್ಟು. ಒಂದು ವರ್ಷದ ನಂತರ, ಕಿರಣ ಮಾತ್ರ ಪಡೆದ ಇಲಿಗಳಲ್ಲಿ ಬದುಕುಳಿದವು ಶೇಕಡ 20. ಚಿನ್ನ ಮತ್ತು ಕಿರಣ ಎರಡನ್ನೂ ಪಡೆದವುಗಳಲ್ಲಿ ಬದುಕುಳಿದವು ಶೇಕಡ 86. ಚಿನ್ನವನ್ನು ಮಾತ್ರ ಪಡೆದವುಗಳಲ್ಲಿ ಒಂದೂ ಉಳಿಯಲಿಲ್ಲ.

ಮೊದಲು ಕಣ್ಣಿಗೆ ಬೀಳುವುದು 86 ಮತ್ತು 20ರ ಅಂತರ. ಹಿಂದಿನ ಭಾಗದ ಲೆಕ್ಕದಿಂದ ಅದರ ಕಾರಣವನ್ನು ಸ್ಥೂಲವಾಗಿ ಊಹಿಸಬಹುದು. ಗಡ್ಡೆಯ ತೂಕದಲ್ಲಿ ಚಿನ್ನದ ಪಾಲು ಶೇಕಡ 0.7, ಅಷ್ಟು ಚಿನ್ನ ಅಂಗಾಂಶಕ್ಕಿಂತ ನೂರು ಪಟ್ಟು ಹೀರಿದರೆ ಗಡ್ಡೆಯಲ್ಲಿ ಬೀಳುವ ಒಟ್ಟು ಶಕ್ತಿ ಸುಮಾರು ಶೇಕಡ 70ರಷ್ಟು ಏರುತ್ತದೆ.

ಆದರೆ ಓದುಗನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮೂರನೆಯ ಸಂಖ್ಯೆಯ ಮುಂದೆ, ಅಂದರೆ ಸೊನ್ನೆಯ ಮುಂದೆ. ಚಿನ್ನವು ಕ್ಯಾನ್ಸರಿಗೆ ಔಷಧವೆಂದು ಈ ಪ್ರಯೋಗ ಹೇಳುವುದಿಲ್ಲ. ಅದಕ್ಕೆ ವಿರುದ್ಧವಾದುದನ್ನೇ ತೋರಿಸುತ್ತದೆ. ಕಿರಣವಿಲ್ಲದ ಚಿನ್ನ ಆ ಇಲಿಗಳನ್ನು ಉಳಿಸಲಿಲ್ಲ. ಸ್ವರ್ಣಭಸ್ಮದ ಹೆಸರು ಬಲ್ಲ ಸಮಾಜದಲ್ಲಿ ‘ಚಿನ್ನದ ಕಣಗಳಿಂದ ಚಿಕಿತ್ಸೆ’ ಎಂಬ ಮಾತು ಬೇಗನೆ ಬೇರೊಂದು ಅರ್ಥಕ್ಕೆ ಜಾರಬಲ್ಲದು. ಕಿರಣದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಚಿನ್ನದ ಪುಡಿಯನ್ನು ಹುಡುಕಿಕೊಂಡು ಹೋಗುವ ಮನೆಯವರಿಗೆ ಈ ಸೊನ್ನೆಯನ್ನು ತಿಳಿಸುವವರು ಬೇಕು.

ಇನ್ನೊಂದು ಲೆಕ್ಕವೂ ಗಮನಾರ್ಹ. ಈ ಪ್ರಯೋಗದಲ್ಲಿ ದೇಹತೂಕದ ಕಿಲೊಗ್ರಾಮಿಗೆ 2.7 ಗ್ರಾಮಿನವರೆಗೆ ಚಿನ್ನ ಕೊಡಲಾಗಿತ್ತು. ಬರಿಯ ತೂಕದ ಲೆಕ್ಕದಲ್ಲಿ 60 ಕಿಲೊ ತೂಗುವ ಮನುಷ್ಯನಿಗೆ ಅದು 162 ಗ್ರಾಂ, ಅಂದರೆ 20 ಪವನಿಗಿಂತ ತುಸು ಹೆಚ್ಚು. ಇಲಿಯಿಂದ ಮನುಷ್ಯನಿಗೆ ಇರುವ ದೂರವನ್ನು ಈ ಒಂದು ಸಂಖ್ಯೆಯೇ ಹೇಳುತ್ತದೆ.

5. ದಾರಿಯಲ್ಲಿರುವ ಎರಡು ತೊಡಕುಗಳು

ಮೊದಲನೆಯದು ಕಿರಣದ ಶಕ್ತಿಯದು. ದ್ಯುತಿವಿದ್ಯುತ್ ಪರಿಣಾಮವು ಕಿರಣದ ಶಕ್ತಿ ಏರಿದಂತೆ ಬಹುವೇಗವಾಗಿ ಕುಗ್ಗುತ್ತದೆ. ಇಲಿಯ ಚರ್ಮದ ಅಡಿಯಲ್ಲಿದ್ದ ಗಡ್ಡೆಗೆ 250 ಕಿಲೊವೋಲ್ಟ್ ಸಾಕು. ಮನುಷ್ಯನ ಹೊಟ್ಟೆ ಅಥವಾ ಎದೆಯ ಆಳಕ್ಕೆ ತಲುಪಲು ಅದು ಸಾಲದು. ಆಸ್ಪತ್ರೆಗಳ ಲೀನಿಯರ್ ಆಕ್ಸಿಲರೇಟರ್ ಯಂತ್ರಗಳು ಹೆಚ್ಚಾಗಿ 6 ಮೆಗಾವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಕೋಬಾಲ್ಟ್-60 ಯಂತ್ರದ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಈ ಮಟ್ಟದಲ್ಲಿ ‘ಕಾಂಪ್ಟನ್ ಚದರಿಕೆ’ ಪ್ರಧಾನವಾಗುತ್ತದೆ. ಅದರಲ್ಲಿ ಒಂದು ಗ್ರಾಂ ಚಿನ್ನಕ್ಕೂ ಒಂದು ಗ್ರಾಂ ಮಾಂಸಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬರಿಯ ಭೌತಶಾಸ್ತ್ರದ ಲೆಕ್ಕದಂತೆ ಅಲ್ಲಿ ಚಿನ್ನದಿಂದ ದೊರೆಯುವ ಲಾಭ ತೀರಾ ಅಲ್ಪವಾಗಬೇಕು.

ಆಶ್ಚರ್ಯವೆಂದರೆ ಪ್ರಯೋಗಶಾಲೆಯ ತಟ್ಟೆಗಳಲ್ಲಿ ಬೆಳೆಸಿದ ಜೀವಕೋಶಗಳು ಹಲವು ಪ್ರಯೋಗಗಳಲ್ಲಿ ಈ ಲೆಕ್ಕಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಸತ್ತಿವೆ. ಇದಕ್ಕೆ ಎರಡು ಬಗೆಯ ವಿವರಣೆಗಳಿವೆ. ಒಂದು, ಗಡ್ಡೆಯ ಸರಾಸರಿ ಲೆಕ್ಕ ಚಿಕ್ಕದಾದರೂ ಕಣದ ಸುತ್ತಲ ಕೆಲವು ನ್ಯಾನೊಮೀಟರುಗಳಲ್ಲಿ ಬೀಳುವ ಶಕ್ತಿ ಬಹಳ ಹೆಚ್ಚಿರುತ್ತದೆ. ಇಡೀ ಊರಿಗೆ ಸರಾಸರಿ ಹನಿಮಳೆಯಾದರೂ ಒಂದು ಗದ್ದೆಗೆ ಬಿದ್ದದ್ದು ಜಡಿಮಳೆಯಾಗಿರಬಹುದು. ಇನ್ನೊಂದು, ಕಣಗಳ ಮೇಲ್ಮೈಯೇ ಜೀವಕೋಶದ ರಸಾಯನವನ್ನು ಕದಡುತ್ತದೆ: ಚುರುಕಾದ ಆಮ್ಲಜನಕದ ರೂಪಗಳು ಹೆಚ್ಚುತ್ತವೆ, ಡಿಎನ್ಎಯ ರಿಪೇರಿಗೆ ಅಡ್ಡಿಯಾಗುತ್ತದೆ, ಜೀವಕೋಶದ ಒಡೆಯುವ ಚಕ್ರ ನಡುವೆ ನಿಲ್ಲುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಕಣದ ಗಾತ್ರ, ಹೊದಿಕೆ, ಜೀವಕೋಶದ ಬಗೆ ಇವುಗಳೊಂದಿಗೆ ಬದಲಾಗುತ್ತದೆ. ಒಂದು ಪ್ರಯೋಗದ ಫಲವನ್ನು ಇನ್ನೊಂದಕ್ಕೆ ಹಾಗೆಯೇ ಹೊಂದಿಸಲು ಬರುವುದಿಲ್ಲ.

ಎರಡನೆಯ ತೊಡಕು ತಲುಪಿಸುವಿಕೆಯದು. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದ ಗೋಡೆಯಂತೆ ಬಿರುಕು ಬಿಟ್ಟಿರುತ್ತವೆ. ರಕ್ತದಲ್ಲಿರುವ ಸೂಕ್ಷ್ಮಕಣಗಳು ಆ ಬಿರುಕುಗಳಿಂದ ಗಡ್ಡೆಯೊಳಗೆ ಸೋರಿ ಅಲ್ಲಿಯೇ ಉಳಿಯುತ್ತವೆ. ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ಈ ಗುಣವನ್ನು 1986ರಲ್ಲಿ ವಿವರಿಸಿದರು. ದಶಕಗಳ ಕಾಲ ನ್ಯಾನೊವೈದ್ಯದ ಭರವಸೆ ಇದರ ಮೇಲೆ ನಿಂತಿತ್ತು. 2016ರಲ್ಲಿ ಟೊರಾಂಟೊದ ಸಂಶೋಧಕರು ಹಿಂದಿನ ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ರಕ್ತಕ್ಕೆ ಕೊಟ್ಟ ಕಣಗಳಲ್ಲಿ ಗಡ್ಡೆಯನ್ನು ಸೇರಿದ್ದು ನಡುಮಟ್ಟದ ಲೆಕ್ಕದಲ್ಲಿ ಶೇಕಡ 0.7 ಮಾತ್ರ ಎಂದು ಕಂಡುಬಂತು. ಉಳಿದವುಗಳಲ್ಲಿ ಬಹಳಷ್ಟನ್ನು ಯಕೃತ್ತು ಮತ್ತು ಗುಲ್ಮಗಳು ಹಿಡಿದಿಡುತ್ತವೆ. ಐದಾರು ನ್ಯಾನೊಮೀಟರಿಗಿಂತ ಚಿಕ್ಕ ಕಣಗಳು ಮೂತ್ರಪಿಂಡಗಳ ಮೂಲಕ ಹೊರಹೋಗುತ್ತವೆ. ಇದು ದೇಹಕ್ಕೆ ಒಳ್ಳೆಯದು. ಆದರೆ ಅಂಥ ಕಣಗಳು ಗಡ್ಡೆಯಲ್ಲಿ ನಿಲ್ಲುವ ಕಾಲವೂ ಕಡಿಮೆಯಾಗುತ್ತದೆ.

6. ರೋಗಿಯ ಹಾಸಿಗೆಯವರೆಗೆ

ತಲುಪಿಸುವ ತೊಡಕಿಗೆ ಫ್ರಾನ್ಸಿನ ನ್ಯಾನೊಬಯೋಟಿಕ್ಸ್ ಸಂಸ್ಥೆ ನೇರವಾದ ದಾರಿಯನ್ನು ಹಿಡಿಯಿತು: ರಕ್ತದ ಮೂಲಕ ಕಳಿಸುವ ಬದಲು ಗಡ್ಡೆಗೇ ಚುಚ್ಚುವುದು. ಅವರು ಆರಿಸಿದ್ದು ಚಿನ್ನವನ್ನಲ್ಲ, ಹಾಫ್ನಿಯಂ ಆಕ್ಸೈಡನ್ನು. ಹಾಫ್ನಿಯಂ ಪರಮಾಣು ಸಂಖ್ಯೆ 72. ಅದರ ಆಕ್ಸೈಡು ದೇಹದಲ್ಲಿ ಸುಲಭವಾಗಿ ಕರಗದ, ಜಡವಾದ ವಸ್ತು. ಕೈಕಾಲು ಅಥವಾ ಮುಂಡದ ಮೃದು ಅಂಗಾಂಶಗಳಲ್ಲಿ ಬೆಳೆಯುವ ‘ಸಾರ್ಕೋಮಾ’ ಗಡ್ಡೆಯುಳ್ಳ 180 ರೋಗಿಗಳನ್ನು ಪರೀಕ್ಷೆಗೆ ಸೇರಿಸಿಕೊಂಡು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಎರಡೂ ಗುಂಪುಗಳಿಗೆ 25 ಸಲ 2 ಗ್ರೇಯಂತೆ 50 ಗ್ರೇ ವಿಕಿರಣ, ಆಮೇಲೆ ಶಸ್ತ್ರಚಿಕಿತ್ಸೆ. ಒಂದು ಗುಂಪಿಗೆ ಮಾತ್ರ ವಿಕಿರಣಕ್ಕೆ ಮೊದಲು ಒಂದು ಸಲ ಗಡ್ಡೆಯೊಳಗೆ ಕಣಗಳ ಚುಚ್ಚುಮದ್ದು.

2019ರಲ್ಲಿ ಫಲ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬದುಕಿರುವ ಕ್ಯಾನ್ಸರ್ ಜೀವಕೋಶಗಳು ಇಲ್ಲವೇ ಇಲ್ಲ ಅಥವಾ ಇಲ್ಲವೆನ್ನುವಷ್ಟು ಅಲ್ಪ ಎಂಬ ಸ್ಥಿತಿ ಕಣಗಳನ್ನು ಪಡೆದ 87 ಮಂದಿಯಲ್ಲಿ 14 ಮಂದಿಗೆ, ಪಡೆಯದ 89 ಮಂದಿಯಲ್ಲಿ 7 ಮಂದಿಗೆ ಇತ್ತು. ಶೇಕಡ 16.1 ಮತ್ತು ಶೇಕಡ 7.9. ಚುಚ್ಚಿದ ಜಾಗದಲ್ಲಿ ನೋವು, ಚುಚ್ಚುಮದ್ದಿನ ಹೊತ್ತಿಗೆ ರಕ್ತದೊತ್ತಡ ತಗ್ಗುವುದು ಮುಂತಾದ ತೊಂದರೆಗಳು ಕೆಲವರಲ್ಲಿ ಕಂಡವು. ಅದೇ ವರ್ಷ ಯುರೋಪಿನಲ್ಲಿ ಈ ಉಪಯೋಗಕ್ಕೆ ಮಾರಾಟದ ಒಪ್ಪಿಗೆಯ ಮುದ್ರೆ ದೊರೆಯಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇರುವ, ಸಿಸ್ಪ್ಲಾಟಿನ್ ಎಂಬ ಔಷಧವನ್ನು ತಾಳಲಾರದ ವೃದ್ಧರಲ್ಲಿಯೂ ಇದರ ದೊಡ್ಡ ಪರೀಕ್ಷೆಯನ್ನು ಕೈಗೊಳ್ಳಲಾಯಿತು. ತಂಬಾಕಿನಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಹೆಚ್ಚಾಗಿರುವ ಭಾರತಕ್ಕೆ ಈ ದಿಕ್ಕಿನ ಪರೀಕ್ಷೆ ಮುಖ್ಯವಾದುದು.

ಫ್ರಾನ್ಸಿನದೇ ಇನ್ನೊಂದು ಪ್ರಯತ್ನ ಗ್ರನೋಬಲ್ ನಗರದ್ದು. ಅಲ್ಲಿ ಬಳಸಿದ್ದು ಗ್ಯಾಡೊಲಿನಿಯಂ ಇರುವ ಐದು ನ್ಯಾನೊಮೀಟರಿನ ಆಸುಪಾಸಿನ ಕಣಗಳನ್ನು. ಗ್ಯಾಡೊಲಿನಿಯಂ ಪರಮಾಣು ಸಂಖ್ಯೆ 64. ಇವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಎಂಆರ್‌ಐ ಚಿತ್ರದಲ್ಲಿ ಗ್ಯಾಡೊಲಿನಿಯಂ ಬೆಳಗಿ ಕಾಣುವುದರಿಂದ ಕಣಗಳು ಎಲ್ಲಿ ಸೇರಿವೆ ಎಂಬುದನ್ನು ಕಿರಣ ಹಾಯಿಸುವ ಮೊದಲೇ ನೋಡಬಹುದು. ಮಿದುಳಿಗೆ ಕ್ಯಾನ್ಸರ್ ಹರಡಿದ್ದ 15 ರೋಗಿಗಳಲ್ಲಿ ನಡೆದ ಮೊದಲ ಹಂತದ ಪರೀಕ್ಷೆಯಲ್ಲಿ ಕಣಗಳು ಮಿದುಳಿನ ಗಡ್ಡೆಗಳಲ್ಲಿ ಸೇರಿದುದು ಹಾಗೆ ಕಂಡಿತು. ಮೊದಲ ಹಂತದ ಪರೀಕ್ಷೆಯ ಉದ್ದೇಶ ಸುರಕ್ಷತೆಯನ್ನು ಅಳೆಯುವುದು. ಗುಣವಾಗುವುದನ್ನು ಅಳೆಯಲು ಅಷ್ಟು ಸಂಖ್ಯೆ ಸಾಲದು.

7. ವಾಕ್ಯದ ಹೊಣೆ

ಮೇಲಿನ ಸಂಖ್ಯೆಗಳನ್ನು ಕನ್ನಡದಲ್ಲಿ ಹೇಳುವಾಗ ಭಾಷೆಯ ವಿದ್ಯಾರ್ಥಿಯ ಕೆಲಸ ಆರಂಭವಾಗುತ್ತದೆ. ‘ನ್ಯಾನೊಕಣಗಳಿಂದ ಕ್ಯಾನ್ಸರ್ ಗುಣವಾಗುವ ಪ್ರಮಾಣ ಎರಡರಷ್ಟಾಯಿತು’ ಎಂಬ ವಾಕ್ಯವನ್ನು ನೋಡಬಹುದು. 7.9ಕ್ಕೆ 16.1 ಎರಡರಷ್ಟು ಎಂಬುದು ಸರಿ. ಆದರೆ ಎರಡರಷ್ಟಾದದ್ದು ಗುಣವಾದವರ ಸಂಖ್ಯೆಯಲ್ಲ. ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಕಾಣದಿದ್ದವರ ಸಂಖ್ಯೆ. ಅಂಥವರು ಮುಂದೆ ಹೆಚ್ಚು ಕಾಲ ಬದುಕುವರೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ವರ್ಷಗಳ ಕಾಯುವಿಕೆ ಬೇಕು. ಎರಡರಷ್ಟು ಎಂದಾಗ ಇನ್ನೊಂದು ಸಂಗತಿಯೂ ಮರೆಯಾಗುತ್ತದೆ: ಕಣಗಳನ್ನು ಪಡೆದ 87 ಮಂದಿಯಲ್ಲಿ 73 ಮಂದಿಗೆ ಆ ಫಲ ದೊರೆಯಲಿಲ್ಲ. ಸರಿಯಾದ ವಾಕ್ಯ ಉದ್ದವಾಗುತ್ತದೆ: ‘ಮೃದು ಅಂಗಾಂಶದ ಸಾರ್ಕೋಮಾ ಇದ್ದವರಲ್ಲಿ, ವಿಕಿರಣಕ್ಕೆ ಮೊದಲು ಗಡ್ಡೆಗೆ ಹಾಫ್ನಿಯಂ ಆಕ್ಸೈಡ್ ಕಣಗಳನ್ನು ಚುಚ್ಚಿದಾಗ, ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಬಹುತೇಕ ಕಾಣದಿದ್ದವರು ನೂರಕ್ಕೆ ಎಂಟರಿಂದ ಹದಿನಾರಕ್ಕೆ ಏರಿದರು.’ ಉದ್ದವಾದರೂ ಇದರಲ್ಲಿ ಯಾರಿಗೆ, ಯಾವುದನ್ನು, ಎಲ್ಲಿಗೆ, ಯಾವಾಗ ಕೊಟ್ಟು ಏನನ್ನು ಅಳೆದರು ಎಂಬುದೆಲ್ಲ ಇದೆ. ಕಾರಕ ಮತ್ತು ವಿಭಕ್ತಿಗಳ ಪಾಠವನ್ನು ಕೇಶಿರಾಜನಿಂದ ಓದಿದವರಿಗೆ ಈ ಪ್ರಶ್ನೆಗಳು ಹೊಸವಲ್ಲ.

ಪದಗಳ ಆಯ್ಕೆಯಲ್ಲಿಯೂ ಇದೇ ಎಚ್ಚರ ಬೇಕು. ಕಣವು ಶಕ್ತಿಯನ್ನು ಹೀರಿ ಸುತ್ತ ಸುರಿಯುವುದಾದರೆ ‘ಕಿರಣವರ್ಧಕ’ ಎಂಬ ಪದ ಹೊಂದುತ್ತದೆ; ಅಲ್ಲಿ ಹೆಚ್ಚಾದದ್ದು ಕಿರಣದ ಕೆಲಸ. ಕಣವು ಜೀವಕೋಶದ ರಿಪೇರಿಯನ್ನು ಕೆಡಿಸಿ ಅದನ್ನು ಕಿರಣಕ್ಕೆ ಸುಲಭವಾಗಿ ಬಲಿಯಾಗುವಂತೆ ಮಾಡುವುದಾದರೆ ಹೆಚ್ಚಾದದ್ದು ಜೀವಕೋಶದ ಸೂಕ್ಷ್ಮತೆ. ಅಲ್ಲಿ ‘ಸೂಕ್ಷ್ಮತಾಕಾರಕ’ ಎಂದರೆ ಅರ್ಥ ನಿಲ್ಲುತ್ತದೆ. ಒಂದು ಭೌತಶಾಸ್ತ್ರದ ಮಾತು, ಇನ್ನೊಂದು ಜೀವಶಾಸ್ತ್ರದ ಮಾತು. ಎರಡಕ್ಕೂ ಒಂದೇ ಪದ ಹಾಕಿದರೆ ಐದನೆಯ ಭಾಗದಲ್ಲಿ ಹೇಳಿದ ಚರ್ಚೆಯನ್ನು ಕನ್ನಡದಲ್ಲಿ ನಡೆಸುವುದೇ ಅಸಾಧ್ಯವಾಗುತ್ತದೆ. ‘ನ್ಯಾನೊ’ ಎಂಬುದನ್ನು ಅನುವಾದಿಸದೆ ಉಳಿಸಿಕೊಳ್ಳುವುದೇ ಲೇಸು, ಏಕೆಂದರೆ ಅದು ಅಳತೆಯ ಹೆಸರು. ‘ಅತಿಸೂಕ್ಷ್ಮ’ ಎಂದರೆ ಅಳತೆ ಕಳೆದುಹೋಗುತ್ತದೆ. ಆಡುಮಾತಿನ ‘ಕರೆಂಟ್’ ಮಾತ್ರ ಮನೆಯಲ್ಲಿ ಇರಲಿ. ರೋಗಿಗೆ ಪರಿಚಿತವಾದ ಆ ಪದವನ್ನು ತಿದ್ದುವುದಕ್ಕಿಂತ, ಅದು ದೇಹವನ್ನು ಸುಡುವ ವಿದ್ಯುತ್ತಲ್ಲ, ಡಿಎನ್ಎಯನ್ನು ತುಂಡರಿಸುವ ಕಿರಣ ಎಂದು ಮುಂದಿನ ವಾಕ್ಯದಲ್ಲಿ ತಿಳಿಸಿದರೆ ಸಾಕು.

ಒಟ್ಟಿನಲ್ಲಿ ಈ ವಿದ್ಯೆಯ ತತ್ತ್ವ ಸ್ಪಷ್ಟವಾಗಿದೆ, ಇಲಿಗಳಲ್ಲಿ ಅದರ ಫಲ ದೊಡ್ಡದಾಗಿದೆ, ಮನುಷ್ಯರಲ್ಲಿ ಒಂದು ಬಗೆಯ ಗಡ್ಡೆಯ ಮಟ್ಟಿಗೆ ಅಳೆಯಬಹುದಾದ ಲಾಭ ಕಂಡಿದೆ. ವಿಕಿರಣ ಚಿಕಿತ್ಸೆಯ ಬದಲಿಗೆ ನಿಲ್ಲುವ ವಸ್ತು ಇದಲ್ಲ. ಅದಕ್ಕೆ ನೆರವಾಗುವ ವಸ್ತು. ಈ ಮಿತಿಗಳೊಡನೆಯೇ ವಿಷಯವನ್ನು ಹೇಳಬಲ್ಲ ಕನ್ನಡವು ರೋಗಿಯ ಮನೆಯ ಭರವಸೆಯನ್ನು ಕಸಿಯುವುದಿಲ್ಲ. ಆ ಭರವಸೆ ಯಾವುದರ ಮೇಲೆ ನಿಲ್ಲಬೇಕೆಂಬುದನ್ನು ತೋರಿಸುತ್ತದೆ.

ಅಭ್ಯಾಸಕ್ಕೆ

1. ‘ಕರೆಂಟ್ ಕೊಡಿಸುವುದು’, ‘ಶೇಕ’, ‘ವಿಕಿರಣ ಚಿಕಿತ್ಸೆ’: ಈ ಮೂರು ಹೆಸರುಗಳಲ್ಲಿ ಯಾವುದು ಏನನ್ನು ತಿಳಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ಒಂದು ಪುಟದಲ್ಲಿ ವಿವರಿಸಿರಿ.

2. 2004ರ ಪ್ರಯೋಗದಲ್ಲಿ ಚಿನ್ನವನ್ನು ಮಾತ್ರ ಕೊಟ್ಟ ಇಲಿಗಳ ಗುಂಪು ಇಲ್ಲದಿದ್ದರೆ ಯಾವ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತಿತ್ತು? ಚರ್ಚಿಸಿರಿ.

3. ‘ಚಿನ್ನದ ಕಣಗಳಿಂದ ಕ್ಯಾನ್ಸರ್ ಗುಣ’ ಎಂಬ ತಲೆಬರಹವನ್ನು ಎಂಟು ಪದಗಳನ್ನು ಮೀರದಂತೆ, ಅರ್ಥ ತಪ್ಪದಂತೆ ತಿದ್ದಿ ಬರೆಯಿರಿ.

4. ಹಿರಿಯರೊಬ್ಬರಿಗೆ ಓದಿ ಹೇಳುವ ರೀತಿಯಲ್ಲಿ, ಆರನೆಯ ಭಾಗದ ಸಾರ್ಕೋಮಾ ಪರೀಕ್ಷೆಯ ಫಲವನ್ನು ನಿಮ್ಮ ಊರಿನ ಆಡುಗನ್ನಡದಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಸಂಖ್ಯೆಗಳನ್ನು ಬಿಡಬಾರದು.

5. ನಿಮ್ಮ ಊರಿನಲ್ಲಿ ಕನ್ನಡದೊಡನೆ ಬಳಕೆಯಲ್ಲಿರುವ ನೆರೆಭಾಷೆಯಿಂದ ವೈದ್ಯಕ್ಕೆ ಸಂಬಂಧಿಸಿದ ಹತ್ತು ಪದಗಳನ್ನು ಸಂಗ್ರಹಿಸಿ, ಅವಕ್ಕೆ ಸಮಾನವಾದ ಕನ್ನಡ ಪದಗಳೊಂದಿಗೆ ಹೋಲಿಸಿರಿ.